‘ನೈಸ್’ ಪದದ ಅರ್ಥ ಮತ್ತು ಬಳಕೆ: ಪದೇ ಪದೇ ಕೇಳುವ ಪ್ರಶ್ನೆಗಳು

ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಮಕ್ಕಳಿಗೆ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ಇಂಗ್ಲಿಷ್ ಹೇಳಿಕೊಡುತ್ತಿದ್ದೇನೆ. ದೊಡ್ಡ ದೊಡ್ಡ ಪದಗಳಿಗೆ ಮಕ್ಕಳು ನಿಘಂಟು ತೆಗೆಯುತ್ತಾರೆ, ಚೀಟಿಯಲ್ಲಿ ಬರೆದುಕೊಳ್ಳುತ್ತಾರೆ, ಬಾಯಿಪಾಠ ಮಾಡುತ್ತಾರೆ. ‘ನೈಸ್’ಗೆ ಮಾತ್ರ ಯಾರೂ ನಿಘಂಟು ತೆಗೆಯುವುದಿಲ್ಲ. ಅದು ಗೊತ್ತಿರುವ ಪದ ಅಂತಲೇ ಎಲ್ಲರ ನಂಬಿಕೆ. ಹೆಚ್ಚು ತಪ್ಪಾಗುವುದೂ ಇಲ್ಲೇ. ಪಾಠದ ನಡುವೆ, ಪಾಠ ಮುಗಿದ ಮೇಲೆ ಬಾಗಿಲ ಹತ್ತಿರ ನಿಂತು, ರಾತ್ರಿ ಫೋನಿನಲ್ಲಿ ನನ್ನನ್ನು ಕೇಳಿದ ಪ್ರಶ್ನೆಗಳನ್ನೇ ಇಲ್ಲಿ ಒಟ್ಟು ಮಾಡಿದ್ದೇನೆ.

‘ನೈಸ್’ಗೆ ಸರಿಯಾದ ಕನ್ನಡ ಪದ ಯಾವುದು?

ಒಂದೇ ಒಂದು ಪದ ಹೇಳಿ ಅಂದರೆ ‘ಚೆನ್ನಾಗಿರುವ’ ಅನ್ನಬಹುದು. ಆದರೆ ಅಷ್ಟಕ್ಕೇ ನಿಲ್ಲಿಸಿದರೆ ಎರಡೂ ಭಾಷೆಗೆ ಅನ್ಯಾಯ ಮಾಡಿದ ಹಾಗೆ. ಕಣ್ಣು, ಕಿವಿ, ಮೂಗು, ನಾಲಿಗೆ, ಚರ್ಮ, ಮನಸ್ಸು, ಇದರಲ್ಲಿ ಯಾವುದಕ್ಕೆ ಹಿತವಾದರೂ ಇಂಗ್ಲಿಷಿನವರಿಗೆ ‘ನೈಸ್’ ಸಾಕು. ನಮ್ಮ ಭಾಷೆ ಇಲ್ಲಿ ಬೇರೆ ದಾರಿ ಹಿಡಿದಿದೆ. ಕಣ್ಣಿಗಾದರೆ ಚೆಂದ, ಸೊಗಸು. ಕಿವಿಗಾದರೆ ಇಂಪು. ಮೂಗಿಗಾದರೆ ಕಂಪು, ಘಮ. ಬಿಸಿಲಲ್ಲಿ ಬಂದವನಿಗೆ ತಂಪು. ಕೈಗಾದರೆ ನುಣುಪು, ನಯ. ಮೈಗಾದರೆ ಹಿತ. ಹೊಲಕ್ಕೆ ಬೇಕಾದಷ್ಟೇ ಬಿದ್ದ ಮಳೆಗೆ ಹದ. ಹಾಗಾಗಿ ‘ನೈಸ್ ಮ್ಯೂಸಿಕ್’ ಅಂದರೆ ಇಂಪಾದ ಸಂಗೀತ, ‘ನೈಸ್ ಬ್ರೀಜ್’ ಅಂದರೆ ತಂಗಾಳಿ, ‘ನೈಸ್ ಸಾರಿ’ ಅಂದರೆ ಚೆಂದದ ಸೀರೆ. ಅನುವಾದ ಮಾಡುವಾಗ ಮೊದಲು ಆ ವಾಕ್ಯದಲ್ಲಿ ಯಾವ ಇಂದ್ರಿಯಕ್ಕೆ ಹಿತವಾಗಿದೆ ಅಂತ ನೋಡಿಕೊಳ್ಳಿ, ಕನ್ನಡ ಪದ ತಾನಾಗಿ ಬರುತ್ತದೆ.

ಆಡುಮಾತಿಗೆ ಬಂದರೆ ಊರಿಗೊಂದು ‘ನೈಸ್’ ಇದೆ. ಧಾರವಾಡದ ಕಡೆ ‘ಭಾಳ ಛಲೋ ಅದ’. ಕುಂದಾಪುರ, ಮಂಗಳೂರಿನ ಕಡೆ ‘ಲಾಯ್ಕ್’. ಮಂಡ್ಯ, ಮೈಸೂರಿನ ಹಳ್ಳಿಗಳಲ್ಲಿ ‘ಪಸಂದಾಗದೆ’. ಇದರಲ್ಲಿ ‘ಲಾಯ್ಕ್’ ನನಗೆ ಬಹಳ ಇಷ್ಟದ ಪದ. ಅರಬ್ಬಿಯಿಂದ ಹೊರಟು ಉರ್ದುವಿನ ದಾರಿಯಲ್ಲಿ ಬಂದ ‘ಲಾಯಕ್’ ಅಂದರೆ ಯೋಗ್ಯ. ಒಳನಾಡಿನಲ್ಲಿ ‘ನಾಲಾಯಕ್’ ಅನ್ನೋ ಬೈಗುಳದಲ್ಲಿ ಅದು ಹೆಚ್ಚಾಗಿ ಕೇಳಿಸುತ್ತದೆ, ಕರಾವಳಿಯಲ್ಲಿ ಮೀನು ಸಾರಿಗೂ ಯಕ್ಷಗಾನಕ್ಕೂ ಲಾಯ್ಕೇ. ಯೋಗ್ಯ ಅನ್ನುವುದು ಸೊಗಸು ಆಗಿಬಿಟ್ಟಿದೆ. ಪದಗಳು ಹೀಗೆ ಜಾರುತ್ತವೆ ಅನ್ನುವುದು ನೆನಪಿರಲಿ. ‘ನೈಸ್’ ಇದಕ್ಕಿಂತ ಬಹಳ ದೂರ ಜಾರಿದೆ, ಮುಂದೆ ಹೇಳುತ್ತೇನೆ.

ಉಚ್ಚಾರಣೆ, ಕಾಗುಣಿತ ಹೇಗೆ?

ಎನ್, ಐ, ಸಿ, ಇ. ‘ಇ’ ಮುಂದೆ ಬಂದಾಗ ‘ಸಿ’ ಅಕ್ಷರಕ್ಕೆ ಸಕಾರದ ದನಿ. ಕೊನೆಯ ‘ಇ’ ತಾನು ಸುಮ್ಮನಿದ್ದು ನಡುವಿನ ‘ಐ’ಗೆ ಅದರ ಪೂರ್ತಿ ದನಿ ಕೊಡುತ್ತದೆ. ರೈಸ್, ಪ್ರೈಸ್, ಟ್ವೈಸ್ ಎಲ್ಲ ಇದೇ ಬಳಗ. ಕೊನೆಗೆ ‘ಸ್’ ಗಟ್ಟಿಯಾಗಿ ನಿಲ್ಲಬೇಕು. ನಮ್ಮ ನಾಲಿಗೆ ವ್ಯಂಜನದ ಮೇಲೆ ನಿಲ್ಲಲು ಒಪ್ಪುವುದಿಲ್ಲ, ‘ನೈಸು’ ಅಂತ ಉಕಾರ ಸೇರಿಸಿಬಿಡುತ್ತದೆ. ಕನ್ನಡದಲ್ಲಿ ಮಾತಾಡುವಾಗ ಅದೇ ಸರಿ, ಇಂಗ್ಲಿಷಿನಲ್ಲಿ ಬೇಡ. ಬರೆಯುವಾಗ ‘ಐ’ ಆದಮೇಲೆ ಇನ್ನೊಂದು ‘ಇ’ ಸೇರಿದರೆ ಅದು ‘ನೀಸ್’ ಆಗುತ್ತದೆ, ಅಂದರೆ ಅಣ್ಣ ತಮ್ಮನ ಅಥವಾ ಅಕ್ಕ ತಂಗಿಯ ಮಗಳು.

ಗುಡ್, ನೈಸ್ ಎರಡೂ ಒಂದೇ ಅಲ್ಲವಾ?

ಅಲ್ಲ. ಈ ವ್ಯತ್ಯಾಸ ಒಂದು ತಿಳಿದರೆ ಅರ್ಧ ಕೆಲಸ ಮುಗಿಯಿತು, ಅದಕ್ಕೆ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ನಾವು ‘ಒಳ್ಳೆ ಡಾಕ್ಟ್ರು’ ಅಂತೀವಿ. ಅವರ ಕೈಗುಣ ಒಳ್ಳೆಯದು ಅಂತಲೋ, ರೋಗಿಯನ್ನು ಕೂರಿಸಿಕೊಂಡು ಸಮಾಧಾನವಾಗಿ ಮಾತಾಡಿಸುತ್ತಾರೆ ಅಂತಲೋ, ಎರಡೂ ಆ ಒಂದು ಮಾತಿನಲ್ಲಿ ಬಂದುಬಿಡುತ್ತದೆ. ಇಂಗ್ಲಿಷಿನಲ್ಲಿ ‘ಗುಡ್ ಡಾಕ್ಟರ್’ ಅಂದರೆ ರೋಗ ಸರಿಯಾಗಿ ಗುರುತಿಸುವವರು, ವಿದ್ಯೆ ಇರುವವರು. ‘ನೈಸ್ ಡಾಕ್ಟರ್’ ಅಂದರೆ ನಗುನಗುತ್ತಾ ಮಾತಾಡಿಸುವವರು, ಸೂಜಿ ಚುಚ್ಚುವ ಮೊದಲು ಮಗುವಿನ ಹೆಸರು ಕೇಳುವವರು. ಒಬ್ಬರು ಗುಡ್ ಆಗಿದ್ದೂ ನೈಸ್ ಆಗಿಲ್ಲದಿರಬಹುದು. ಗದರಿಸುತ್ತಲೇ ಜೀವ ಉಳಿಸುವ ಡಾಕ್ಟರು ನಮ್ಮ ಪ್ರತಿ ತಾಲ್ಲೂಕಿನಲ್ಲೂ ಒಬ್ಬರಾದರೂ ಇರುತ್ತಾರೆ.

ಮೇಷ್ಟ್ರಿಗೂ ಹಾಗೇ. ‘ಗುಡ್ ಟೀಚರ್’ ಅಂದರೆ ಪಾಠ ತಲೆಗೆ ಹತ್ತಿಸುವವರು, ‘ನೈಸ್ ಟೀಚರ್’ ಅಂದರೆ ಹೊಡೆಯದ, ಬೈಯದವರು. ‘ಗುಡ್’ ಗುಣಮಟ್ಟವನ್ನೂ ನೀತಿಯನ್ನೂ ಅಳೆಯುತ್ತದೆ. ‘ನೈಸ್’ ನಮಗೆ ಆದ ಹಿತವನ್ನು ಹೇಳುತ್ತದೆ. ‘ಗುಡ್ ಅಟ್ ಮ್ಯಾತ್ಸ್’ ಅನ್ನಬಹುದು, ‘ನೈಸ್ ಅಟ್ ಮ್ಯಾತ್ಸ್’ ಅನ್ನುವಂತಿಲ್ಲ. ಸಂದರ್ಶನಕ್ಕೆ ಹೋಗುವ ಮಕ್ಕಳಿಗೆ ಇದನ್ನು ಮತ್ತೆ ಮತ್ತೆ ಹೇಳುತ್ತೇನೆ. ‘ಐ ಆಮ್ ನೈಸ್ ಇನ್ ಕಂಪ್ಯೂಟರ್’ ಅಂದರೆ ಎದುರಿಗೆ ಕೂತವರಿಗೆ ಅರ್ಥವೇ ಆಗುವುದಿಲ್ಲ.

ಹಾಗಾದರೆ ‘ಕೈಂಡ್’ಗೂ ‘ನೈಸ್’ಗೂ?

‘ಕೈಂಡ್’ ಅನ್ನಿಸಿಕೊಳ್ಳಲು ಏನಾದರೂ ಮಾಡಿರಬೇಕು. ಬಸ್ಸಿನಲ್ಲಿ ಎದ್ದು ನಿಂತು ಸೀಟು ಬಿಟ್ಟುಕೊಟ್ಟವರು ಕೈಂಡ್. ದಾರಿಯುದ್ದಕ್ಕೂ ಹಿತವಾಗಿ ಮಾತಾಡುತ್ತಾ ಬಂದವರು ನೈಸ್. ಉಪಕಾರ ದೊಡ್ಡದಾದಷ್ಟೂ ‘ನೈಸ್’ ಸಾಲದಾಗುತ್ತದೆ. ಆಸ್ಪತ್ರೆಗೆ ರಕ್ತ ಕೊಡಲು ಓಡಿಬಂದವರಿಗೆ ‘ಯೂ ಆರ್ ನೈಸ್’ ಅನ್ನಬೇಡಿ, ‘ವೆರಿ ಕೈಂಡ್ ಆಫ್ ಯೂ’ ಅನ್ನಿ.

ರುಚಿ, ವಾಸನೆ ಹೇಳುವಾಗ ‘ನೈಸ್’ ಅನ್ನಬೇಕೋ ‘ನೈಸ್‌ಲಿ’ ಅನ್ನಬೇಕೋ?

ಈ ತಪ್ಪಿಗೆ ಕಾರಣ ನಮ್ಮ ಕನ್ನಡವೇ. ನಾವು ‘ಚೆನ್ನಾಗಿದೆ’ ಅಂತೀವಿ. ಬಿಡಿಸಿದರೆ ‘ಚೆನ್ನಾಗಿ’, ‘ಇದೆ’. ಆ ‘ಆಗಿ’ ಕ್ರಿಯಾವಿಶೇಷಣದ ಪ್ರತ್ಯಯ. ವೇಗವಾಗಿ ಓಡಿದ, ನಿಧಾನವಾಗಿ ಬಂದ, ಚೆನ್ನಾಗಿ ಹಾಡಿದ, ಎಲ್ಲ ಒಂದೇ ಸಾಲು. ಅದಕ್ಕೇ ಚೆನ್ನಾಗಿ ಇದೆ ಅಂದಕೂಡಲೇ ತಲೆ ತಾನಾಗಿ ‘ನೈಸ್‌ಲಿ’ ಕಡೆ ಹೊರಳುತ್ತದೆ, ‘ದ ಸಾಂಬಾರ್ ಟೇಸ್ಟ್ಸ್ ನೈಸ್‌ಲಿ’ ಅಂತ ಬಂದುಬಿಡುತ್ತದೆ.

ಇಂಗ್ಲಿಷಿನಲ್ಲಿ ಇಂದ್ರಿಯಗಳ ಕ್ರಿಯಾಪದಗಳಾದ ಲುಕ್, ಸ್ಮೆಲ್, ಟೇಸ್ಟ್, ಫೀಲ್, ಸೌಂಡ್ ಆದಮೇಲೆ ಬರಬೇಕಾದದ್ದು ವಿಶೇಷಣ. ‘ಇಟ್ ಟೇಸ್ಟ್ಸ್ ನೈಸ್’, ‘ಯೂ ಲುಕ್ ನೈಸ್’, ‘ದಟ್ ಸೌಂಡ್ಸ್ ನೈಸ್’. ಅಲ್ಲಿ ಸಾಂಬಾರು ಏನೋ ಕೆಲಸವನ್ನು ಚೆನ್ನಾಗಿ ಮಾಡುತ್ತಿಲ್ಲ, ಅದು ಹೇಗಿದೆ ಅಂತ ಮಾತ್ರ ಹೇಳುತ್ತಿದ್ದೀರಿ. ನಿಜವಾಗಿ ಕೆಲಸ ಹೇಗೆ ನಡೆಯಿತು ಅಂತ ಹೇಳುವಾಗ ‘ನೈಸ್‌ಲಿ’ ಸರಿ. ‘ಶಿ ಆಸ್ಕ್ಡ್ ಮಿ ನೈಸ್‌ಲಿ’ ಅಂದರೆ ನಯವಾಗಿ, ಮರ್ಯಾದೆಯಿಂದ ಕೇಳಿದಳು.

‘ಮೋರ್ ನೈಸ್’ ಸರಿಯಾ?

ಬೇಡ. ನೈಸರ್, ನೈಸೆಸ್ಟ್.

‘ನೈಸ್ ಆಫ್ ಯೂ’, ‘ನೈಸ್ ಟು ಯೂ’, ‘ನೈಸ್ ಫಾರ್ ಯೂ’ ಗೊಂದಲ ಆಗುತ್ತದೆ.

ಆಗುವುದು ಸಹಜ. ಇಲ್ಲಿ ಅರ್ಥವೆಲ್ಲ ಪಕ್ಕದ ಸಣ್ಣ ಪದದಲ್ಲಿದೆ.

‘ಆಫ್’ ಬಂದರೆ ಹೊಗಳಿಕೆ ಆ ವ್ಯಕ್ತಿಗೆ. ‘ಇಟ್ ವಾಸ್ ನೈಸ್ ಆಫ್ ಯೂ ಟು ಕಮ್’ ಅಂದರೆ ನೀವು ಬಂದದ್ದು ನಿಮ್ಮ ದೊಡ್ಡ ಮನಸ್ಸು. ಗೃಹಪ್ರವೇಶಕ್ಕೆ ದೂರದಿಂದ ಬಂದವರಿಗೆ ‘ಇಷ್ಟು ದೂರ ಬಂದ್ರಲ್ಲಾ, ತುಂಬಾ ಸಂತೋಷ’ ಅಂತೀವಲ್ಲ, ಅದರ ಹತ್ತಿರ ಬರುತ್ತದೆ. ‘ಫಾರ್’ ಬಂದರೆ ಹಿತ ಆ ವ್ಯಕ್ತಿಗೆ ಆಗುವುದು. ‘ಇಟ್ ವಿಲ್ ಬಿ ನೈಸ್ ಫಾರ್ ಯುವರ್ ಮದರ್ ಟು ಹ್ಯಾವ್ ಸಮ್ ರೆಸ್ಟ್’ ಅಂದರೆ ಸ್ವಲ್ಪ ವಿಶ್ರಾಂತಿ ಸಿಕ್ಕರೆ ನಿಮ್ಮ ತಾಯಿಗೆ ಹಿತವಾಗುತ್ತದೆ. ‘ಟು’ ಬಂದರೆ ನಡವಳಿಕೆ. ‘ಬಿ ನೈಸ್ ಟು ಯುವರ್ ಸಿಸ್ಟರ್’, ತಂಗಿ ಜೊತೆ ಚೆನ್ನಾಗಿರು. ನಾವು ‘ಜೊತೆ’ ಅನ್ನುವುದರಿಂದ ಅಲ್ಲಿ ‘ವಿತ್’ ಹಾಕಬೇಕು ಅನ್ನಿಸುತ್ತದೆ, ‘ಟು’ ಹಾಕಿ.

ಇನ್ನೊಂದಿದೆ, ಪುಸ್ತಕಗಳಲ್ಲಿ ಅಷ್ಟಾಗಿ ಕಾಣುವುದಿಲ್ಲ, ಮಾತಿನಲ್ಲಿ ದಂಡಿಯಾಗಿ ಬರುತ್ತದೆ: ‘ಹಿ ವಾಸ್ ವೆರಿ ನೈಸ್ ಅಬೌಟ್ ಇಟ್’. ಪಕ್ಕದ ಮನೆಯವರ ಹೊಸ ಸ್ಕೂಟರಿಗೆ ನಮ್ಮ ಹುಡುಗ ಚೆಂಡು ಹೊಡೆದು ಕನ್ನಡಿ ಒಡೆದ ಅಂತಿಟ್ಟುಕೊಳ್ಳಿ. ಅವರು ಕೂಗಾಡದೆ ‘ಹೋಗ್ಲಿ ಬಿಡಿ, ಮಕ್ಕಳು’ ಅಂದರೆ ಆ ವಾಕ್ಯ ಅವರಿಗೆ ಸಲ್ಲುತ್ತದೆ. ಬೇಜಾರಾಗುವ ವಿಷಯಕ್ಕೂ ಬೇಜಾರು ಮಾಡಿಕೊಳ್ಳಲಿಲ್ಲ ಅಂತ ಅರ್ಥ.

‘ನೈಸ್ ಟು ಮೀಟ್ ಯೂ’ ಎಷ್ಟು ಸಲ ಹೇಳಬಹುದು?

ಒಬ್ಬರಿಗೆ ಒಂದೇ ಸಲ, ಮೊದಲ ಪರಿಚಯದಲ್ಲಿ. ಅವರೇ ಮತ್ತೆ ಸಿಕ್ಕರೆ ‘ನೈಸ್ ಟು ಸೀ ಯೂ’. ಮೊದಲ ಭೇಟಿ ಮುಗಿದು ಹೊರಡುವಾಗ ‘ನೈಸ್ ಮೀಟಿಂಗ್ ಯೂ’. ಆರು ತಿಂಗಳು ಜೊತೆಗೆ ಕೆಲಸ ಮಾಡಿದವರಿಗೆ ‘ಮೀಟ್’ ಬಳಸಿದರೆ ನಮ್ಮನ್ನು ಮರೆತೇಬಿಟ್ಟರಾ ಅಂತ ಅವರಿಗೆ ನೋವಾಗಬಹುದು.

‘ಹ್ಯಾವ್ ಎ ನೈಸ್ ಡೇ’ಗೆ ಕನ್ನಡ ಏನು ಅಂತಲೂ ಕೇಳುತ್ತಾರೆ. ‘ಶುಭ ದಿನ’ ಅಂತ ಬರೆಯುವುದನ್ನು ನೋಡಿದ್ದೇನೆ, ತಪ್ಪೇನಿಲ್ಲ. ಆದರೆ ನಮ್ಮಲ್ಲಿ ಹೊರಡುವವರಿಗೆ ಹೇಳುವ ಮಾತು ಮೊದಲಿನಿಂದಲೂ ಇದೆ. ‘ಹೋಗಿ ಬನ್ನಿ.’ ಹೊರಡುವವರು ‘ಬರ್ತೀನಿ’ ಅಂತಾರೆ. ಆ ಹಿತವೆಲ್ಲ ಈ ಎರಡು ಮಾತಿನಲ್ಲಿದೆ.

‘ನೈಸ್ ಅಂಡ್ ಹಾಟ್’ ಅಂದರೆ ಏನು? ಚೆನ್ನಾಗೂ ಇದೆ, ಬಿಸಿಯಾಗೂ ಇದೆ ಅಂತಲಾ?

ಎರಡು ಬೇರೆ ಬೇರೆ ಮಾತಲ್ಲ, ಒಂದೇ ಮಾತು. ಬೇಕಾದಷ್ಟು ಬಿಸಿಯಾಗಿದೆ, ಆ ಬಿಸಿಯೇ ಹಿತವಾಗಿದೆ ಅಂತ. ನಾವು ಇದನ್ನು ಪದ ಜೋಡಿಸಿ ಹೇಳುತ್ತೇವೆ: ಬಿಸಿಬಿಸಿ ಕಾಫಿ, ಗರಿಗರಿ ದೋಸೆ. ‘ದ ದೋಸಾ ಇಸ್ ನೈಸ್ ಅಂಡ್ ಕ್ರಿಸ್ಪ್’ ಅನ್ನುವುದಕ್ಕೆ ‘ದೋಸೆ ಗರಿಗರಿಯಾಗಿದೆ’ ಅನ್ನುವುದಕ್ಕಿಂತ ಒಳ್ಳೆಯ ಅನುವಾದ ಸಿಗುವುದಿಲ್ಲ. ಆ ‘ಗರಿಗರಿ’ಯಲ್ಲೇ ‘ನೈಸ್ ಅಂಡ್’ ಪೂರ್ತಿ ಕೂತಿದೆ. ಹಾಗೇ ‘ನೈಸ್ ಅಂಡ್ ವಾರ್ಮ್’ ಬೆಚ್ಚಗೆ, ‘ನೈಸ್ ಅಂಡ್ ಕೂಲ್’ ತಣ್ಣಗೆ, ‘ನೈಸ್ ಅಂಡ್ ಸ್ಲೋ’ ನಿಧಾನವಾಗಿ, ಆರಾಮಾಗಿ.

ಜಾಗದ ಬಗ್ಗೆ ಒಂದು ಎಚ್ಚರ. ಈ ಜೋಡಿ ಸಾಮಾನ್ಯವಾಗಿ ನಾಮಪದ ಆದಮೇಲೆ ಬರುತ್ತದೆ, ಅದಕ್ಕಿಂತ ಮೊದಲು ಅಲ್ಲ. ಮೊದಲು ಹಾಕಬೇಕಿದ್ದರೆ ‘ಅಂಡ್’ ಬಿಡಿ: ‘ಎ ನೈಸ್ ಹಾಟ್ ಕಾಫಿ’. ವಿಶೇಷಣಗಳು ಸಾಲಾಗಿ ಬಂದಾಗಲೂ ‘ನೈಸ್’ ಎಲ್ಲಕ್ಕಿಂತ ಮೊದಲು. ಅಭಿಪ್ರಾಯ ಮೊದಲು, ವಯಸ್ಸು ಬಣ್ಣ ಆಮೇಲೆ: ‘ಎ ನೈಸ್ ಓಲ್ಡ್ ರೆಡ್ ಹೌಸ್’.

ಯಾರಾದರೂ ‘ಇಟ್ಸ್ ನೈಸ್...’ ಅಂತ ಎಳೆದರೆ ನಿಜವಾಗಿ ಇಷ್ಟವಾಗಿದೆಯಾ?

ದನಿ ಕೇಳಿ. ‘ನೈಸ್’ ಬಹಳ ಮೆದು ಪದ. ನಿಜವಾಗಿ ಮೆಚ್ಚಿದವರು ಅದನ್ನು ಗಟ್ಟಿಯಾಗಿ ಹೇಳುತ್ತಾರೆ, ಇಲ್ಲವೇ ಅದನ್ನು ಬಿಟ್ಟು ಇನ್ನೂ ದೊಡ್ಡ ಪದಕ್ಕೆ ಹೋಗುತ್ತಾರೆ. ಎಳೆದು ಹೇಳಿ ನಿಲ್ಲಿಸಿದರೆ ಹಿಂದೆಯೇ ‘ಬಟ್’ ಬರುತ್ತದೆ. ಕನ್ನಡದಲ್ಲಿ ಈ ಕೆಲಸವನ್ನು ಒಂದು ‘ಏನೋ’ ಮಾಡುತ್ತದೆ. ‘ಸೀರೆ ಚೆನ್ನಾಗಿದೆ’ ಅಂದರೆ ಇಷ್ಟವಾಗಿದೆ. ‘ಸೀರೆ ಚೆನ್ನಾಗೇನೋ ಇದೆ’ ಅಂದರೆ ಅಂಗಡಿಯವನು ಇನ್ನೊಂದು ತೆಗೆದು ಹರವಬೇಕು. ಇಂಗ್ಲಿಷಿನವರು ಆ ‘ಏನೋ’ವನ್ನು ದನಿಯಲ್ಲಿ ಇಟ್ಟಿದ್ದಾರೆ.

ಕೊಂಕು ಕೂಡ ದನಿಯಲ್ಲೇ. ‘ಎ ನೈಸ್ ಮೆಸ್ ಯೂ ಹ್ಯಾವ್ ಮೇಡ್’ ಅಂದರೆ ‘ಒಳ್ಳೆ ಕೆಲಸ ಮಾಡಿಟ್ಟೆ ನೋಡು’ ಅಂತ ಅಮ್ಮ ಬೈಯುವ ಹಾಗೆ. ‘ನೈಸ್ ಟ್ರೈ’ ಎರಡು ಬಗೆ. ಆಟದಲ್ಲಿ ಸೋತ ಮಗುವಿಗೆ ಹೇಳಿದರೆ ಬೆನ್ನು ತಟ್ಟಿದ ಹಾಗೆ. ನೆಪ ಹೇಳಿ ತಪ್ಪಿಸಿಕೊಳ್ಳಲು ನೋಡಿದವನಿಗೆ ಹೇಳಿದರೆ, ನಿನ್ನ ಆಟ ನನ್ನ ಹತ್ತಿರ ನಡೆಯುವುದಿಲ್ಲ ಅಂತ.

‘ನೈಸ್’ಗೆ ಹಿಂದೆ ದಡ್ಡ ಅನ್ನೋ ಅರ್ಥ ಇತ್ತಂತೆ. ನಿಜವಾ?

ನಿಜ. ಲ್ಯಾಟಿನ್ನಿನಲ್ಲಿ ‘ನೆ’ ಅಂದರೆ ಇಲ್ಲ, ‘ಸ್ಕೀರೆ’ ಅಂದರೆ ತಿಳಿಯುವುದು. ಎರಡೂ ಸೇರಿ ‘ನೆಸ್ಕಿಯುಸ್’, ತಿಳಿಯದವನು. ‘ಸೈನ್ಸ್’ ಪದ ಬಂದದ್ದೂ ಅದೇ ‘ಸ್ಕೀರೆ’ಯಿಂದ, ಹಾಗಾಗಿ ಸೈನ್ಸ್ ಮತ್ತು ನೈಸ್ ಒಂದೇ ಬೇರಿನ ಪದಗಳು, ಒಂದು ತಿಳಿವಳಿಕೆ, ಇನ್ನೊಂದು ಅದರ ಕೊರತೆ. ಹಳೆಯ ಫ್ರೆಂಚ್ ದಾಟಿ 13ನೇ ಶತಮಾನದ ಕೊನೆಯ ಹೊತ್ತಿಗೆ ಇಂಗ್ಲಿಷಿಗೆ ಬಂದಾಗ ‘ನೈಸ್’ ಅಂದರೆ ಪೆದ್ದ, ಏನೂ ಅರಿಯದವ.

ಅಲ್ಲಿಂದ ಮುಂದಿನ ಪ್ರಯಾಣ ವಿಚಿತ್ರ. ಪೆದ್ದನಿಂದ ಅಂಜುಬುರುಕ, ಅಂಜುಬುರುಕನಿಂದ ಎಲ್ಲದಕ್ಕೂ ತಕರಾರು ತೆಗೆಯುವ ಅತಿ ನಾಜೂಕಿನವ. ಅಷ್ಟು ನಾಜೂಕಾದವನು ಸಣ್ಣಸಣ್ಣ ವ್ಯತ್ಯಾಸವನ್ನೂ ಹಿಡಿಯುತ್ತಾನಲ್ಲ, ಹಾಗೆ 16ನೇ ಶತಮಾನದಲ್ಲಿ ಸೂಕ್ಷ್ಮ, ಕರಾರುವಾಕ್ಕು ಅನ್ನುವ ಅರ್ಥ. ನಾಜೂಕಾದ ವಸ್ತು, ನಾಜೂಕಾದ ರುಚಿ ಹಿತವಾಗಿರುತ್ತದೆ, ಹಾಗಾಗಿ 18ನೇ ಶತಮಾನದಲ್ಲಿ ಹಿತವಾದದ್ದು. ಸೌಜನ್ಯ ಇರುವವರು ಅನ್ನುವ ಅರ್ಥ 19ನೇ ಶತಮಾನದಲ್ಲಿ ಬಂದು ಕೂತಿತು.

ಮಕ್ಕಳು ಇದನ್ನು ಕೇಳಿ ನಂಬುವುದಿಲ್ಲ. ಆಗ ನಾನು ಬೋರ್ಡಿನ ಮೇಲೆ ‘ಮುಗ್ಧ’ ಅಂತ ಬರೆಯುತ್ತೇನೆ. ಇಂದು ನಮಗೆ ಮುಗ್ಧ ಅಂದರೆ ಕಪಟ ಅರಿಯದ ಮಗುವಿನ ಮುಖ, ಮನಸ್ಸಿಗೆ ಹಿತವಾದ ಪದ. ಪಕ್ಕದಲ್ಲಿ ‘ಮೂಢ’ ಅಂತ ಬರೆಯುತ್ತೇನೆ. ಎರಡೂ ಸಂಸ್ಕೃತದ ‘ಮುಹ್’ ಧಾತುವಿನ ಮಕ್ಕಳು, ದಿಕ್ಕು ತೋಚದೆ ಭ್ರಮೆಗೆ ಒಳಗಾಗುವುದು ಅಂತ ಅದರ ಅರ್ಥ. ಮೋಹವೂ ಅಲ್ಲಿಂದಲೇ. ಸಂಸ್ಕೃತದಲ್ಲಿ ‘ಮುಗ್ಧ’ಕ್ಕೆ ಪೆದ್ದ ಅನ್ನುವ ಅರ್ಥವೂ ಇದೆ, ಚೆಲುವಾದ ಅನ್ನುವ ಅರ್ಥವೂ ಇದೆ. ಒಂದೇ ಮನೆಯಲ್ಲಿ ಹುಟ್ಟಿದ ಇಬ್ಬರಲ್ಲಿ ಒಬ್ಬ ಬೈಗುಳವಾದ, ಒಬ್ಬ ಹೊಗಳಿಕೆಯಾದ. ಇಷ್ಟು ಹೇಳಿದ ಮೇಲೆ ‘ನೈಸ್’ ಕತೆ ಅವರಿಗೆ ದೂರದ್ದು ಅನ್ನಿಸುವುದಿಲ್ಲ. ಇಂಗ್ಲಿಷಿನಲ್ಲಿ ‘ಸಿಲ್ಲಿ’ ಪದ ಇದಕ್ಕೆ ಸರಿಯಾಗಿ ಎದುರು ದಾರಿಯಲ್ಲಿ ನಡೆದಿದೆ. ಹಿಂದೆ ಪುಣ್ಯವಂತ, ಸುಖಿ ಅಂತಿದ್ದದ್ದು ಇಂದು ಪೆದ್ದು ಅಂತಾಗಿದೆ.

ಹಳೆಯ ಅರ್ಥ ಯಾವುದಾದರೂ ಈಗಲೂ ಬಳಕೆಯಲ್ಲಿದೆಯಾ?

‘ಸೂಕ್ಷ್ಮ’ ಅನ್ನುವ ಅರ್ಥ ಇದೆ. ಅದರಿಂದ ನಾನೇ ಎಡವಿದ್ದೇನೆ.

ಕೆಲಸಕ್ಕೆ ಸೇರಿದ ಹೊಸತರಲ್ಲಿ ಪರಿಚಯದವರ ಜಮೀನಿನ ದಾವೆಯಲ್ಲಿ ಬಂದ ಒಂದು ಮಧ್ಯಂತರ ಆದೇಶವನ್ನು ಕನ್ನಡಕ್ಕೆ ಮಾಡಿಕೊಟ್ಟೆ. ಅದರಲ್ಲಿ ‘ಎ ನೈಸ್ ಕ್ವೆಶ್ಚನ್ ಆಫ್ ಲಾ’ ಅಂತಿತ್ತು. ಕಾನೂನಿನ ಒಳ್ಳೆಯ ಪ್ರಶ್ನೆ ಅಂತ ಬರೆದೆ. ಆ ಮನೆಯವರು ಅದನ್ನು ಓದಿ, ಜಡ್ಜ್ ಸಾಹೇಬರಿಗೆ ನಮ್ಮ ಪ್ರಶ್ನೆ ಮೆಚ್ಚುಗೆಯಾಗಿದೆ, ಕೇಸು ನಮ್ಮ ಕಡೆಗೇ ಅಂತ ಖುಷಿಪಟ್ಟರು. ಅವರ ವಯಸ್ಸಾದ ವಕೀಲರು ನನ್ನ ಹಾಳೆಯ ಮೇಲೆ ಪೆನ್ಸಿಲಿನಿಂದ ಆ ಪದಕ್ಕೆ ಒಂದು ಸುತ್ತು ಹಾಕಿ, ‘ಅಮ್ಮಾ, ಸಾಹೇಬರು ಇಲ್ಲಿ ಯಾರನ್ನೂ ಹೊಗಳಿಲ್ಲ. ಕೂದಲು ಸೀಳಿದಷ್ಟು ಸೂಕ್ಷ್ಮದ ಪ್ರಶ್ನೆ, ಸುಲಭಕ್ಕೆ ತೀರ್ಮಾನ ಆಗಲ್ಲ ಅಂತಿದ್ದಾರೆ’ ಅಂದರು. ಆ ಮನೆಯವರ ಮುಖ ಇಳಿದದ್ದು ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಅಂದಿನಿಂದ ‘ನೈಸ್ ಡಿಸ್ಟಿಂಕ್ಷನ್’, ‘ನೈಸ್ ಪಾಯಿಂಟ್’ ಅಂತ ಕಾನೂನಿನ ಅಥವಾ ತರ್ಕದ ಬರವಣಿಗೆಯಲ್ಲಿ ಕಂಡರೆ ಎರಡು ಸಲ ಓದುತ್ತೇನೆ. ‘ನೈಸಿಟಿ’ ಅನ್ನುವ ನಾಮಪದದಲ್ಲೂ ಇದೇ ಅರ್ಥ: ನವಿರಾದ ವ್ಯತ್ಯಾಸ, ರೀತಿ ರಿವಾಜಿನ ಸಣ್ಣಪುಟ್ಟ ವಿವರ. ಹಿತವಾಗಿರುವಿಕೆಗೆ ‘ನೈಸ್‌ನೆಸ್’.

ಷೇಕ್ಸ್‌ಪಿಯರ್ ಓದುವ ಎಂಎ ಮಕ್ಕಳಿಗೆ ಒಂದು ಮಾತು. ರೋಮಿಯೋ ಜೂಲಿಯೆಟ್ ನಾಟಕದ ಕೊನೆಯ ಅಂಕದಲ್ಲಿ ತಲುಪದೇ ಹೋದ ಕಾಗದದ ಬಗ್ಗೆ ಪಾದ್ರಿ ಲಾರೆನ್ಸ್ ಅದು ‘ನೈಸ್’ ಆಗಿರಲಿಲ್ಲ ಅನ್ನುತ್ತಾನೆ. ಚೆನ್ನಾಗಿರಲಿಲ್ಲ ಅಂತ ಓದಬೇಡಿ. ಅದು ಕ್ಷುಲ್ಲಕ ವಿಷಯದ ಕಾಗದವಾಗಿರಲಿಲ್ಲ ಅಂತ ಅರ್ಥ.

ಪ್ರಬಂಧದಲ್ಲಿ ‘ನೈಸ್’ ಬರೆಯಲೇಬಾರದು ಅಂತ ಮೇಡಂ ಹೇಳ್ತಾರೆ. ಸರಿಯಾ?

‘ಬರೆಯಲೇಬಾರದು’ ಅನ್ನುವುದನ್ನು ನಾನು ಒಪ್ಪುವುದಿಲ್ಲ. ಈ ಜಗಳ ಇಂದಿನದಲ್ಲ. 1817ರ ಕೊನೆಯಲ್ಲಿ ಹೊರಬಂದ ಜೇನ್ ಆಸ್ಟೆನ್ನರ ನಾರ್ಥ್ಯಾಂಗರ್ ಅಬ್ಬೆ ಕಾದಂಬರಿಯಲ್ಲಿ ಹೆನ್ರಿ ಟಿಲ್ನಿ ಅನ್ನುವವನು, ಕ್ಯಾಥರೀನ್ ಒಂದು ಪುಸ್ತಕವನ್ನು ‘ನೈಸ್’ ಅಂದದ್ದಕ್ಕೆ ಅವಳನ್ನು ಕಾಡಿಸುತ್ತಾನೆ. ದಿನವೂ ನೈಸ್, ನಡಿಗೆಯೂ ನೈಸ್, ನೀವಿಬ್ಬರೂ ನೈಸ್, ಎಲ್ಲದಕ್ಕೂ ಸಲ್ಲುವ ಪದ ಅನ್ನುತ್ತಾನೆ. ಕ್ಯಾಥರೀನ್ ಕೇಳುವುದು ಒಂದೇ ಮಾತು: ಪುಸ್ತಕ ನಿಜವಾಗಿ ನೈಸ್ ಆಗಿರುವಾಗ ಹಾಗೆ ಯಾಕೆ ಅನ್ನಬಾರದು? ನನ್ನ ಮನಸ್ಸು ಅವಳ ಕಡೆಗೇ. ಮಾತಿನಲ್ಲಿ, ಸ್ನೇಹಿತರ ಕಾಗದದಲ್ಲಿ ‘ನೈಸ್’ ಧಾರಾಳವಾಗಿ ಬಳಸಿ, ಸಹಜವಾಗಿ ಕೇಳಿಸುತ್ತದೆ.

ಬರವಣಿಗೆಯಲ್ಲಿ ತೊಂದರೆ ಬೇರೆ. ಒಂದು ವರ್ಷ ಒಬ್ಬಳು ಹುಡುಗಿ ಪ್ರವಾಸದ ಪ್ರಬಂಧ ಬರೆದಳು. ಬೇಲೂರು ನೈಸ್, ಊಟ ನೈಸ್, ಬಸ್ಸು ನೈಸ್, ಗೈಡ್ ನೈಸ್. ಅವಳನ್ನು ಕೂರಿಸಿಕೊಂಡು ಕನ್ನಡದಲ್ಲೇ ಕೇಳಿದೆ, ‘ಬೇಲೂರಲ್ಲಿ ಏನು ನೋಡಿದೆ?’ ಕಣ್ಣರಳಿಸಿ ಹೇಳಿದಳು: ಕಲ್ಲಿನ ಬಳೆ ಹೆಣ್ಣಿನ ಕೈಯಲ್ಲಿ ಸಡಿಲವಾಗಿ ತಿರುಗೋ ಹಾಗೆ ಕೆತ್ತಿದಾರೆ ಅಂತ ಗೈಡ್ ಟಾರ್ಚ್ ಬಿಟ್ಟು ತೋರಿಸಿದ್ರು ಮಿಸ್, ಬಿಸಿಲಿಗೆ ಕಾಲು ಸುಡ್ತಿತ್ತು, ಒಳಗೆ ಹೋದ ತಕ್ಷಣ ತಣ್ಣಗಾಯ್ತು. ಅದನ್ನೇ ಬರಿ ಅಂದೆ. ಬರೆದಳು. ಇಂಗ್ಲಿಷಿನಲ್ಲಿ ವ್ಯಾಕರಣ ನಾಲ್ಕು ಕಡೆ ತಪ್ಪಿತ್ತು, ಪ್ರಬಂಧ ಮಾತ್ರ ಜೀವದಿಂದ ತುಂಬಿತ್ತು. ಹಾಗಾಗಿ ನಾನು ‘ನೈಸ್’ ಹೊಡೆದುಹಾಕಿ ‘ಪ್ಲೆಸೆಂಟ್’, ‘ಡಿಲೈಟ್‌ಫುಲ್’ ಅಂತ ತುಂಬಿಸಿ ಅನ್ನುವುದಿಲ್ಲ. ನೈಸ್ ಅನ್ನಿಸಿದ್ದು ಯಾಕೆ ಅಂತ ಮುಂದೆ ಒಂದು ವಾಕ್ಯ ಸೇರಿಸಿ ಅನ್ನುತ್ತೇನೆ.

ನಾವು ಕನ್ನಡದಲ್ಲಿ ‘ನೈಸಾಗಿ’ ಅನ್ನುವುದು ಇದೇ ಪದವಾ? ಅದಕ್ಕೆ ಬೇರೆಯೇ ಅರ್ಥ ಇದೆಯಲ್ಲ?

ಪದ ಅದೇ, ಬದುಕು ಬೇರೆ. ನನಗೆ ಅತ್ಯಂತ ಪ್ರೀತಿಯ ಪ್ರಶ್ನೆ ಇದು.

ಗೋಕುಲಾಷ್ಟಮಿಗೆ ಚಕ್ಕುಲಿ ಹಿಟ್ಟು ಮಾಡಿಸಲು ಗಿರಣಿಗೆ ಹೋದರೆ ಗಿರಣಿಯವರು ಅಕ್ಕಿಯ ಡಬ್ಬ ತೆಗೆದುಕೊಳ್ಳುತ್ತಲೇ ಕೇಳುತ್ತಾರೆ, ‘ನೈಸ್ ಮಾಡ್ಲಾ ಅಕ್ಕ, ಸ್ವಲ್ಪ ತರಿ ಬಿಡ್ಲಾ?’ ಬಟ್ಟೆಯ ಕೊಳವೆಯಿಂದ ಬಿಸಿ ಹಿಟ್ಟು ಬೀಳುತ್ತಿರುವಾಗಲೇ ಒಂದು ಚಿಟಿಕೆ ಹಿಡಿದು ಹೆಬ್ಬೆರಳು ತೋರುಬೆರಳಿನ ನಡುವೆ ಉಜ್ಜುತ್ತಾರೆ. ಬೆರಳಿಗೆ ತರಿ ಸಿಕ್ಕಿದರೆ ಇನ್ನೊಂದು ಕೈಯಲ್ಲಿ ತಿರುಪು ಬಿಗಿ ಮಾಡಿ ಕಲ್ಲನ್ನು ಹತ್ತಿರ ತರುತ್ತಾರೆ. ಮತ್ತೆ ಉಜ್ಜಿ ನೋಡಿ ‘ಈಗ ನೈಸಾಯ್ತು’ ಅನ್ನುತ್ತಾರೆ. ಆ ಪದಕ್ಕೆ ಇಲ್ಲಿ ಚೂರೂ ಅಸ್ಪಷ್ಟತೆ ಇಲ್ಲ, ಬೆರಳಿಗೆ ಸಿಗುವ ಅಳತೆ ಅದು. ಅಡುಗೆಯವರು ಕಾಯಿ ನೈಸಾಗಿ ರುಬ್ಬಿ ಅನ್ನುವುದು, ಬಡಗಿ ಹಲಗೆ ಉಜ್ಜಿ ನೈಸ್ ಮಾಡಿದ್ದೀನಿ ಅನ್ನುವುದು ಎಲ್ಲ ಇದೇ. ಅಚ್ಚಗನ್ನಡದಲ್ಲಿ ನುಣ್ಣಗೆ. ಇಂಗ್ಲಿಷಿನವರು ಇಲ್ಲೆಲ್ಲ ‘ಫೈನ್’ ಅಥವಾ ‘ಸ್ಮೂತ್’ ಅನ್ನುತ್ತಾರೆ. ಹಾಗಾಗಿ ‘ಗ್ರೈಂಡ್ ಇಟ್ ನೈಸ್’ ಅಂತ ಅವರಿಗೆ ಹೇಳಬೇಡಿ.

ಎರಡನೆಯ ಬಳಕೆ ಮನುಷ್ಯರ ಮೇಲೆ. ‘ನೈಸಾಗಿ ಜಾರಿಕೊಂಡ’, ‘ನೈಸಾಗಿ ಮಾತಾಡಿ ದುಡ್ಡು ಇಸ್ಕೊಂಡ’, ‘ನನ್ನ ಹತ್ರ ನೈಸ್ ಮಾಡ್ಬೇಡ’. ಇಲ್ಲಿ ನೈಸ್ ಅಂದರೆ ಗೊತ್ತಾಗದ ಹಾಗೆ, ಸದ್ದಿಲ್ಲದೆ, ಬೆಣ್ಣೆ ಹಚ್ಚಿ. ಇದು ಹೇಗೆ ಬಂತು ಅನ್ನುವುದಕ್ಕೆ ನನ್ನದೊಂದು ಊಹೆ ಇದೆ. ನಮ್ಮಲ್ಲಿ ಮೊದಲೇ ‘ನಯ’ ಇತ್ತು. ನಯವಾದ ಬಟ್ಟೆ, ನಯವಾದ ಮಾತು, ಅದರ ಪಕ್ಕದಲ್ಲೇ ನಯವಂಚಕ. ಮುಟ್ಟಿದರೆ ಹಿತ, ನಂಬಿದರೆ ಮೋಸ, ಎರಡೂ ಆ ಪದದಲ್ಲಿ ಜೊತೆಗಿದ್ದವು. ದನಿಯಲ್ಲಿ ಅಷ್ಟು ಹತ್ತಿರವಾದ ‘ನೈಸ್’ ಬಂದಾಗ ಜನ ಅದನ್ನು ನಯದ ಜಾಗದಲ್ಲೇ ಕೂರಿಸಿರಬೇಕು. ‘ನಯವಾಗಿ’ ಎಲ್ಲೆಲ್ಲಿ ಬರುತ್ತಿತ್ತೋ ಅಲ್ಲೆಲ್ಲ ‘ನೈಸಾಗಿ’ ಬಂದು ನಿಂತಿತು.

ಇದರಿಂದ ಒಂದು ಅಪಾಯವಿದೆ. ‘ಹಿ ಇಸ್ ವೆರಿ ನೈಸ್’ ಅಂದರೆ ಇಂಗ್ಲಿಷಿನಲ್ಲಿ ಒಳ್ಳೆಯ ಸ್ವಭಾವದವನು. ‘ಅವ್ನು ಭಾಳ ನೈಸು’ ಅಂತ ಕನ್ನಡದಲ್ಲಿ ಹೇಳುವಾಗ ಹುಷಾರು, ಕೇಳಿದವರು ಸ್ವಲ್ಪ ಹಿಂದೆ ಸರಿದು ಕೂರಬಹುದು. ಮದುವೆ ಮಾತುಕತೆಯಲ್ಲಿ ಹುಡುಗನ ಬಗ್ಗೆ ಹೇಳುವಾಗ ‘ಒಳ್ಳೆ ಹುಡುಗ’ ಅಂದುಬಿಡಿ, ಯಾವ ಅನುಮಾನಕ್ಕೂ ಎಡೆ ಇರುವುದಿಲ್ಲ.

ಕನ್ನಡ ಬರೆಯುವಾಗ ‘ನೈಸಾಗಿ’ ಬಳಸಿದರೆ ತಪ್ಪಾ ಅಂದರೆ, ಕತೆಯಲ್ಲಿ, ಮಾತಿನಲ್ಲಿ ಖಂಡಿತ ತಪ್ಪಲ್ಲ. ಅದು ಈಗ ನಮ್ಮ ಪದ. ಆದರೆ ‘ನುಣ್ಣಗೆ’ ಮರೆಯಬೇಡಿ. ರುಬ್ಬುವ ಕಲ್ಲು ಮೂಲೆ ಸೇರಿದ ಮೇಲೆ ಆ ಪದ ಕೇಳಿಸುವುದು ಕಡಿಮೆಯಾಗಿದೆ ಅಂತ ನನಗೆ ಕಳವಳವಿದೆ.

ನೈಸ್ ರೋಡ್, ಲಾಲ್‌ಬಾಗಿನ ನೈಸ್ ಬಂಡೆ, ಫ್ರಾನ್ಸಿನ ಊರು, ಇವೂ ಇದೇ ಪದವಾ?

ಮೂರೂ ಅಲ್ಲ. ಬೆಂಗಳೂರಿನ ನೈಸ್ ರೋಡ್‌ನಲ್ಲಿರುವುದು ನಂದಿ ಇನ್‌ಫ್ರಾಸ್ಟ್ರಕ್ಚರ್ ಕಾರಿಡಾರ್ ಎಂಟರ್‌ಪ್ರೈಸಸ್ ಅನ್ನುವ ಸಂಸ್ಥೆಯ ಮೊದಲಕ್ಷರಗಳು. ಫ್ರಾನ್ಸಿನ ಊರನ್ನು ಬರೆಯುವುದು ಅದೇ ನಾಲ್ಕು ಅಕ್ಷರದಲ್ಲಾದರೂ ಹೇಳಬೇಕಾದದ್ದು ‘ನೀಸ್’. ಗ್ರೀಕರು ಇಟ್ಟ ‘ನಿಕಾಯ’ ಅನ್ನುವ ಹೆಸರಿನಿಂದ ಬಂದದ್ದು, ಗೆಲುವು ಅಂತ ಅರ್ಥ.

ಲಾಲ್‌ಬಾಗ್ ಬಂಡೆಯ ‘ನೈಸ್’ ಭೂವಿಜ್ಞಾನದ ಪದ. ಇಂಗ್ಲಿಷಿನಲ್ಲಿ ಬರೆಯುವಾಗ ಶುರುವಿಗೆ ಉಚ್ಚರಿಸದ ಒಂದು ‘ಜಿ’ ಇದೆ, ಜರ್ಮನ್‌ನಿಂದ ಬಂದದ್ದು. ಭೂಮಿಯೊಳಗಿನ ಶಾಖ, ಒತ್ತಡಕ್ಕೆ ಸಿಕ್ಕಿ ಪಟ್ಟೆಪಟ್ಟೆಯಾಗಿ ಮಾರ್ಪಟ್ಟ ಶಿಲೆಗೆ ಆ ಹೆಸರು. ಲಾಲ್‌ಬಾಗಿನದು ಸುಮಾರು 300 ಕೋಟಿ ವರ್ಷ ಹಳೆಯದು, ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಮಕ್ಕಳನ್ನು ಕರೆದುಕೊಂಡು ಹೋದರೆ ಗೋಪುರದ ಹತ್ತಿರ ನಿಂತು ಫೋಟೋ ತೆಗೆಸಿಕೊಂಡು ಇಳಿದುಬಿಡಬೇಡಿ. ಬೆಳಗಿನ ಓರೆ ಬಿಸಿಲಿನಲ್ಲಿ ಬಗ್ಗಿ ನೋಡಿ, ಕಪ್ಪು ಬಿಳಿ ಪಟ್ಟೆಗಳು ಕಾಣುತ್ತವೆ.